ಒಂಬತ್ತೇ ಗಂಟೆಯ ದೂರ

“ಬರೀ ಒಂಬತ್ತು ಗಂಟೆ. ಬೆಳಿಗ್ಗೆ ಹತ್ತಿದ್ರೆ ಸಂಜೆಗೆ ನಿನ್ನೆದುರು,” ಎಂದು ಹೇಳಿ ಹೋದವನು ಹದಿನಾಲ್ಕು ತಿಂಗಳಾದರೂ ಬಂದಿರಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಒಂದೇ ರಾಗ: “ಬರೋದು ಎಷ್ಟೊತ್ತಿನ ಮಾತು?”

ವಿಮಾನದ ಟಿಕೆಟ್ ಮಾಡಿಕೊಡುವುದೇ ಅವಳ ಕೆಲಸ. ಅಂಥವಳಿಗೇ ಈ ಮಾತೇ?

ಅವನು ನಕ್ಷೆ ಬಿಡಿಸುವವನು. ಎರಡು ಊರುಗಳ ನಡುವೆ ಸ್ಕೇಲಿಟ್ಟು ಗೆರೆ ಎಳೆದರೆ ಅವನ ಪಾಲಿಗೆ ಪ್ರಯಾಣ ಮುಗಿಯಿತು. ಏಳು ಸಾವಿರ ಚಿಲ್ಲರೆ ಕಿಲೋಮೀಟರು, ವೇಗದಿಂದ ಭಾಗಿಸಿದರೆ ಒಂಬತ್ತು ಗಂಟೆ. ಆ ಗೆರೆಯ ಮೇಲೆ ಒಂದು ವಿಮಾನವೂ ಹಾರುವುದಿಲ್ಲ, ಇರುವವು ನಡುವೆ ಒಂದು ಕಡೆ ಇಳಿಸಿ, ಕಾಯಿಸಿ, ಹತ್ತಿಸಿ ಹತ್ತೊಂಬತ್ತು ಗಂಟೆ ತಿನ್ನುತ್ತವೆ ಎಂದು ಅವಳು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು.

“ಏನಂತಾರೆ ನಿನ್ನ ನಕ್ಷೆರಾಯರು?” ಪಕ್ಕದ ಕೌಂಟರಿನಿಂದ ಅಕ್ಕ ಕೆಣಕಿದಳು.

“ಅವನ ಸುದ್ದಿ ಎತ್ತಬೇಡ ಅಕ್ಕ. ಅವನು ತೊಡಿಸಿದ್ದ ಉಂಗುರ ಕವರಿಗೆ ಹಾಕಿದೀನಿ. ಮಧ್ಯಾಹ್ನ ಕೊರಿಯರ್. ಅದಾದ್ರೂ ನೆಟ್ಟಗೆ ಗೆರೆ ಹಿಡ್ಕೊಂಡು ಹೋಗ್ಲಿ.” ಬರಿದಾದ ಬೆರಳನ್ನು ಕೀಬೋರ್ಡಿನ ಕೆಳಗೆ ಮರೆಮಾಡಿ ಕೂಗಿದಳು, “ಮುಂದಿನವರು ಬನ್ನಿ!”

ಮುಂದಿನವರ ಅಂಗಿ ಹಿಂಡಿಟ್ಟ ಬಟ್ಟೆಯಂತಿತ್ತು. ಊದಿದ ಪಾದಗಳಿಗೆ ಹೆದರಿ ಬೂಟಿನ ಲೇಸು ಬಿಚ್ಚಿಕೊಂಡಿತ್ತು. ಹೆಗಲಲ್ಲಿ ನಕ್ಷೆಯ ಉದ್ದನೆಯ ಕೊಳವೆ. ಕೆಂಪಡರಿದ ಕಣ್ಣುಗಳು ಮಾತ್ರ ಕಳ್ಳನಗೆ ನಗುತ್ತಿದ್ದವು.

ಸಾಕ್ಷಾತ್ ನಕ್ಷೆರಾಯರೇ! ಆದರೂ ಅವಳ ನಾಲಿಗೆ ಜಗ್ಗಲಿಲ್ಲ.

“ಎಲ್ಲಿಗೆ ಸಾರ್?”

“ಎಲ್ಲಿಗೂ ಇಲ್ಲ. ಆ ಕೆಲಸ ಬಿಟ್ಟು ಬಂದ್ಬಿಟ್ಟೆ. ನಿಂಗೆ ಸರ್‌ಪ್ರೈಸ್ ಇರ್ಲಿ ಅಂತ...”

“ಟಿಕೆಟ್ ತೋರ್ಸಿ.”

ಕೊಟ್ಟ. ಓದುತ್ತಾ ಹೋದಂತೆ ಅವಳ ಮೂಗಿನ ತುದಿ ಕೆಂಪೇರಿತು.

“ಮೂರು ಕಡೆ ಇಳಿದು ಹತ್ತಿದ್ಯಾ? ಮೂವತ್ನಾಲ್ಕು ಗಂಟೆ! ಯಾವ ಪುಣ್ಯಾತ್ಮ ಮಾಡಿಕೊಟ್ಟ ಈ ಟಿಕೆಟ್ನ?”

“ವೆಬ್‌ಸೈಟಲ್ಲಿ ನಾನೇ...”

“ನಾನಿಲ್ಲಿ ಸತ್ತಿದ್ನಾ?”

“ನಿನ್ನ ಹತ್ರ ತಗೊಂಡಿದ್ರೆ ಗುಟ್ಟು ಉಳೀತಿತ್ತಾ?”

“ಸುಡ್ತು ನಿನ್ನ ಗುಟ್ಟು! ಹದಿನೈದು ಗಂಟೆ ದಂಡ. ನನ್ನ ಕೇಳಿದ್ರೆ ನಿನ್ನೆ ಸಂಜೆಗೇ ಇಲ್ಲಿರ್ತಿದ್ದೆ. ನಿನ್ನೆ ರಾತ್ರಿಯೆಲ್ಲ ಅತ್ತಿದೀನಿ ಕಣೋ ನಾನು. ಅದೊಂದು ಅಳುವಾದ್ರೂ ಉಳೀತಿತ್ತು!”

ಅಕ್ಕ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ, ಬರದ ಕೆಮ್ಮನ್ನು ಕೆಮ್ಮಿದಳು.

ಅವನ ನಗು ಇಳಿಯಿತು. ಕಣ್ಣು ಮೇಜಿನಲ್ಲಿದ್ದ ಕವರಿನ ಮೇಲೆ ಬಿತ್ತು. “ಇದು ನನ್ನ ಅಡ್ರೆಸ್ ಅಲ್ವಾ?”

“ಹಳೇ ಅಡ್ರೆಸ್.” ಅವಳು ಕವರನ್ನು ಕಿತ್ತುಕೊಂಡು ಹರಿದಳು. ಉಂಗುರ ಮೇಜಿನ ಮೇಲೆ ಉರುಳಿತು. ಅವನು ಅದನ್ನು ಎತ್ತಿ ಅವಳ ಬೆರಳಿಗೆ ತೊಡಿಸಿದ.

“ಅಕ್ಕಾ, ಈ ಕ್ಯೂ ನೀನೇ ನೋಡ್ಕೋ,” ಎಂದು ಅವಳು ಚೀಲ ಹೆಗಲಿಗೇರಿಸಿ ಹೊರಬಂದಳು.

“ಮನೆ ಇಲ್ಲಿಂದ ನೆಟ್ಟಗೆ ಗೆರೆ ಎಳೆದ್ರೆ...” ಅವನು ಶುರುಮಾಡಿದ.

“ಬಾಯ್ಮುಚ್ಕೊಂಡು ನನ್ನ ಹಿಂದೆ ಬಾ.”