ಕಂಬದಿಂದ ಕಾಣೆಯಾದ ಕ್ಯಾಸಿನೊ ನೋಟಿಸು

ಮಾರ್ಚ್ ತಿಂಗಳ ಮೊದಲ ಸೋಮವಾರ ಇಂಗ್ಲಿಷರ ನಾಡಿನ ಸೆಲ್ಲಿ ಓಕ್ ಪೊಲೀಸ್ ಠಾಣೆಗೆ ಕೌನ್ಸಿಲ್‌ನಿಂದ, ಅಂದರೆ ಅಲ್ಲಿನ ನಗರಸಭೆಯಿಂದ, ದೂರು ಬಂತು. ಮುಚ್ಚಿಹೋದ ಸಿನಿಮಾ ಮಂದಿರದಲ್ಲಿ ಕ್ಯಾಸಿನೊ ತೆರೆಯುವ ಬಗ್ಗೆ ದೀಪದ ಕಂಬಕ್ಕೆ ಕಟ್ಟಿದ್ದ ನೋಟಿಸು ಮತ್ತೆ ಕಾಣೆಯಾಗಿತ್ತು. ಇದು ಮೂರನೇ ಸಲ. ಗೊತ್ತುಪಡಿಸಿದಷ್ಟು ದಿನ ನೋಟಿಸು ಕಂಬದಲ್ಲಿರದಿದ್ದರೆ ಕೌನ್ಸಿಲ್ ತೀರ್ಮಾನ ಮಾಡುವಂತಿಲ್ಲ. ಜನರ ಅಭಿಪ್ರಾಯ ಕೇಳುವುದು ಮೊದಲಿನಿಂದ ಶುರುವಾಗಬೇಕು. ನಮ್ಮೂರಲ್ಲಾದರೆ ಎಫ್‌ಐಆರ್ ಆಗುತ್ತಿತ್ತು. ಇಲ್ಲಿ ಒಂದು ಕ್ರೈಮ್ ನಂಬರ್ ಹಾಕಿ ಇನ್‌ಸ್ಪೆಕ್ಟರ್ ನಿಹಾರಿಕಾಗೆ ಒಪ್ಪಿಸಿದರು.

“ನಾಳೆ ಕಳೆದುಹೋದ ಬೆಕ್ಕು ಹುಡುಕೋಕೂ ನಮ್ಮನ್ನೇ ಕಳಿಸ್ತಾರೆ,” ಎಂದ ಕಾನ್‌ಸ್ಟೆಬಲ್ ಡೀನ್.

ಕಂಬದ ಬುಡದಲ್ಲಿ ಕತ್ತರಿಯಿಂದ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿತು. ಎದುರಿನ ಚಿಕನ್ ಅಂಗಡಿಯ ಕ್ಯಾಮೆರಾದಲ್ಲಿ ಬೆಳಗಿನ ಜಾವದ ದೃಶ್ಯವಿತ್ತು: ರೇನ್‌ಕೋಟು, ಮುಖ ಮುಚ್ಚಿದ ಟೋಪಿ, ವಯಸ್ಸಾದವರ ನಡಿಗೆ. ನೋಟಿಸು ಕೈಜಾರಿ ಬಿತ್ತು. ಅದರ ಮೇಲೆ ಕಾಲು ಬಿತ್ತು. ಆ ವ್ಯಕ್ತಿ ಗಾಬರಿಯಿಂದ ಬಗ್ಗಿ ಕಾಗದವನ್ನು ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿತು.

“ಅಳ್ತಿರಬೇಕು,” ಎಂದ ಡೀನ್.

“ಅಳೋದಲ್ಲ. ಕಾಗದಕ್ಕೆ ಕಾಲು ತಗುಲಿತು, ಅದಕ್ಕೆ. ನಮ್ಮಮ್ಮನೂ ಹೀಗೇ ಮಾಡ್ತಾಳೆ. ಕಾಗದ ಅಂದ್ರೆ ಸರಸ್ವತಿ.”

“ಆ ಸರಸ್ವತಿಯ ಪೋಸ್ಟ್‌ಕೋಡ್ ಸಿಗುತ್ತಾ?”

ನಿಹಾರಿಕಾ ನಗಲಿಲ್ಲ. ಬೀದಿಯ ತುಂಬ ವಿದ್ಯಾರ್ಥಿಗಳ ಬಾಡಿಗೆ ಮನೆಗಳು. ವಯಸ್ಸಾದ ಭಾರತೀಯರೆಂದರೆ ಸೇವಂತಿ ಎಂಬ ಹೆಂಗಸು ಒಬ್ಬರೇ. ಆದರೆ ನೆರೆಯವರ ಕ್ಯಾಸಿನೊ ವಿರೋಧಿ ಕಮಿಟಿ ಸೇರುತ್ತಿದ್ದುದೇ ಅವರ ಮನೆಯಲ್ಲಿ.

“ಅವರು ಗೆಲ್ತಿದ್ದಾರೆ ಬಾಸ್,” ಎಂದ ಡೀನ್. “ಕ್ಯಾಸಿನೊ ಊರಾಚೆ ಹೋಗೋದು ಹೆಚ್ಚುಕಡಿಮೆ ಗ್ಯಾರಂಟಿ. ಗೆಲ್ಲೋರು ಆಟ ಯಾಕೆ ನಿಲ್ಲಿಸ್ತಾರೆ?”

ಅಂದು ಮಧ್ಯಾಹ್ನ ಇಬ್ಬರೂ ಆ ಮನೆಯ ಬಾಗಿಲು ತಟ್ಟಿದರು. ಮುಂದಿನ ಕೋಣೆಯಲ್ಲಿ ಒಂದಕ್ಕೊಂದು ಹೊಂದದ ಕುರ್ಚಿಗಳು ಗೋಡೆಗುಂಟ ಸಾಲಾಗಿದ್ದವು.

“ಆಂಟಿ, ಇವತ್ತು ಬೆಳಗಿನ ಜಾವ ಎಲ್ಲಿದ್ರಿ?” ನಿಹಾರಿಕಾ ಕನ್ನಡದಲ್ಲೇ ಕೇಳಿದಳು.

ಸೇವಂತಿಯ ಮುಖ ಅರಳಿತು. “ಕನ್ನಡದವಳಾ! ಯಾವ ಊರು ಮಾರಾಯ್ತಿ? ಕೂತ್ಕೊ, ಚಾ ಮಾಡ್ತೇನೆ. ಇವನಿಗೆ ಗೋಳಿಬಜೆ ಕೊಡ್ಲಾ?”

“ಬೆಂಗಳೂರು. ನೋಟಿಸು ಎಲ್ಲಿ ಆಂಟಿ?”

ಸೇವಂತಿ ಒಳಗೆ ಹೋಗಿ ಬೀರುವಿನಿಂದ ಮೂರೂ ನೋಟಿಸು ತಂದರು. ಸುಕ್ಕು ಬಿಡಿಸಿ ಮಡಿಸಿಟ್ಟಿದ್ದರು. “ಕಸಕ್ಕೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ.”

“ನೀವು ಗೆಲ್ತಾ ಇದ್ರಲ್ಲ. ಯಾಕೆ ಕಿತ್ರಿ?”

“ಗೆದ್ದ ಮೇಲೆ ಇಲ್ಲಿಗೆ ಯಾರು ಬರ್ತಾರೆ?”

ಡೀನ್ ಏನಾಯಿತೆಂದು ನೋಡಿದ. ನಿಹಾರಿಕಾ ಅನುವಾದಿಸಲಿಲ್ಲ.

ಹೇಳಿಕೆ ಬರೆಸುವಾಗ ಉಳಿದದ್ದು ಹೊರಬಂತು. ಸೇವಂತಿ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬೀದಿಯ ಹುಡುಗರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಉಳಿದಿದ್ದ ಕೆಲವೇ ಹಳೆಯ ನೆರೆಯವರು ಅವರ ಹೊಸ್ತಿಲು ದಾಟಿದ್ದು ಕ್ಯಾಸಿನೊ ಸುದ್ದಿ ಬಂದ ಮೇಲೆಯೇ. ಮಂಗಳವಾರ ಸಂಜೆ ಅವರೆಲ್ಲ ಬಂದು ಕೂರುವರು, ಜಗಳವಾಡುವರು, ಬಜೆ ಖಾಲಿಮಾಡುವರು. ಮುಂದಿನದೇ ಕೊನೆಯ ಸಭೆ ಎಂದು ಯಾರೋ ಖುಷಿಯಿಂದ ಹೇಳಿದಾಗ ಸೇವಂತಿ ಕತ್ತರಿ ಹುಡುಕಿದ್ದರು. ಆಮೇಲೆ ಮತ್ತೆರಡು ಸಲ.

“ಕಮಿಟಿಯವರಿಗೆ ಹೇಳ್ಬೇಡ,” ಎಂದು ಬೇಡಿಕೊಂಡರು. “ಬೇಕಾದ್ರೆ ಜೈಲಿಗೆ ಹಾಕು.”

ಜೈಲಿಗೆ ಹೋಗುವಷ್ಟು ದೊಡ್ಡ ಕೇಸಲ್ಲ, ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದು ನಿಹಾರಿಕಾ ಹೇಳಿದಳು. ಅದರಿಂದ ಅವರಿಗೇನೂ ಸಮಾಧಾನವಾದಂತೆ ಕಾಣಲಿಲ್ಲ. ಎಚ್ಚರಿಕೆಗೂ ಠಾಣೆಗೆ ಹೋಗಲೇಬೇಕಿತ್ತು; ನಿಹಾರಿಕಾ ನಿಯಮದ ಮಾತುಗಳನ್ನು ಓದಿ ಬಂಧಿಸಿದಳು. ಮೆಟ್ಟಿಲಲ್ಲಿ ಡೀನ್ ಅವರ ಕೈ ಹಿಡಿದುಕೊಂಡ.

ಠಾಣೆಯಲ್ಲಿ ಸಾರ್ಜೆಂಟ್ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದ: ನೀವು ಇಲ್ಲಿದ್ದೀರೆಂದು ಯಾರಿಗೆ ತಿಳಿಸಬೇಕು?

ಸೇವಂತಿ ಬೆರಳು ಮಡಚಿ ಎಣಿಸಹೊರಟು, ಬಿಟ್ಟರು.

“ಪಕ್ಕದ ಮನೆ ಪಾಲೀನ್‌ಗೆ,” ಎಂದರು ಕೊನೆಗೆ. “ಅವಳೂ ಕಮಿಟಿಯವಳೇ. ಬೇರೆ ಯಾರಿದ್ದಾರೆ ನನಗೆ?”

“ಅವರ ಫೋನ್ ನಂಬರ್, ಆಂಟಿ?” ನಿಹಾರಿಕಾ ಕೇಳಿದಳು.

“ಗೊತ್ತಿಲ್ಲ ಮಗಾ. ನಾನಾಗೇ ಅವಳನ್ನು ಯಾವತ್ತೂ ಮನೆಗೆ ಕರೆದದ್ದಿಲ್ಲ.”