ಮಾತಾಡುತ್ತಾ ಓಡುವಷ್ಟು ಮೆಲ್ಲಗೆ

"ಎಲ್ಲೈತೆ ನಾಯಿ? ಎಲ್ಲೈತೆ?"

ಎದುರಿನಿಂದ ಓಡಿಬಂದ ಯುವಕ ಕೈಗೊಂದು ಕಲ್ಲು ಎತ್ತಿಕೊಂಡು ಕಾವ್ಯಶ್ರೀಯ ಹಿಂದೆಲ್ಲ ಹುಡುಕತೊಡಗಿದ.

ನಾಯಿ ಇರಲೇ ಇಲ್ಲ! ಹಾಗೆಂದು ಹೇಳಲು ಅವಳು ಬಾಯಿ ತೆರೆದಳು. ಬರೀ ಗಾಳಿ ಬಂತು. ಮೋರಿಕಟ್ಟೆ ಹಿಡಿದು ಬಗ್ಗಿ ನಿಂತವಳಿಗೆ ಕಣ್ಣು ಕತ್ತಲೆ ಕಟ್ಟಿತ್ತು.

"ನಾಯಿ... ಇಲ್ಲ... ನಾನೇ... ಓಡ್ತಿದ್ದೆ..."

"ಯಾಕ್ರಿ?"

ಎಂಥ ಪ್ರಶ್ನೆ!

ಕಾವ್ಯಶ್ರೀ ಯಲ್ಲದಕೆರೆಯ ಶಾಲೆಯ ಟೀಚರ್. ಹಿರಿಯೂರಿನಲ್ಲಿ ನಡೆಯುವ ನೌಕರರ ಕ್ರೀಡಾಕೂಟದ ಮೂರು ಕಿಲೋಮೀಟರ್ ಓಟಕ್ಕೆ ಹೆಡ್‌ಮಾಸ್ಟರ್ ಗುರುರಾಜ್ ಅವಳನ್ನು ಒಂದು ಮಾತೂ ಕೇಳದೆ ಹೆಸರು ಕೊಟ್ಟಿದ್ದರು. "ನಮ್ಮಲ್ಲಿ ಮಂಡಿನೋವು ಇಲ್ಲದೋರು ನೀವೊಬ್ರೇ ಕಣಮ್ಮ" ಎಂದಿದ್ದರು. ಉಳಿದಿದ್ದು ಆರೇ ವಾರ. ಅವಳು ಅಲ್ಲಿಯವರೆಗೆ ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಆ ಬಸ್ಸೂ ಸಿಕ್ಕಿರಲಿಲ್ಲ.

"ನೀವು ಓಡೋದು ನೋಡಿದ್ರೆ ಮನೆಗೆ ಬೆಂಕಿ ಬಿದ್ದಂಗೈತೆ. ಮೆಲ್ಲಗೆ ಓಡ್ರಿ ಮೇಡಂ" ಎಂದು ಹೇಳಿ ಅವನು ಹೊರಟುಹೋದ.

'ಇವನ್ಯಾರು ನನಗೆ ಹೇಳೋಕೆ!' ಎಂದು ಅವಳಿಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಆರಕ್ಕೆ ನೋಡಿದರೆ ಅವನು ಮೋರಿಕಟ್ಟೆಯ ಮೇಲೆ ಕೂತಿದ್ದ! ಹೆಸರು ದುರುಗೇಶ್, ಪಶು ಆಸ್ಪತ್ರೆಯಲ್ಲಿ ಕೆಲಸ.

"ಜತೆಗೆ ಹೋಗಾಣ. ಓಡ್ತಾ ಮಾತಾಡಾಕೆ ಬರ್ಬೇಕು. ಮಾತು ತುಂಡಾತು ಅಂದ್ರೆ ವೇಗ ಜಾಸ್ತಿ ಆತು ಅಂತ ಲೆಕ್ಕ. ನಿನ್ನೆ ಏನ್ ತಿಂಡಿ ಮಾಡಿದ್ರಿ?"

"ಉಪ್ಪಿ..."

"'ಟ್ಟು' ಎಲ್ಲಿ ಹೋತು? ಇನ್ನೂ ಮೆಲ್ಲಗೆ!"

ಇನ್ನೂ ಮೆಲ್ಲಗೆ, ಮತ್ತೂ ಮೆಲ್ಲಗೆ... ಕೊನೆಗೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿ ಏಕನಾಥಮ್ಮ ಹಿಂದಿನಿಂದ ನಡೆದು ಬಂದು ಇಬ್ಬರನ್ನೂ ದಾಟಿಹೋದಳು.

"ಕಾಲು ಉಳುಕೈತಾ ಟೀಚರಮ್ಮ? ಹುಷಾರಾಗಿ ಬರ್ರಿ" ಎಂದು ತಿರುಗಿ ಬೇರೆ ಹೇಳಿದಳು!

ಕಾವ್ಯಶ್ರೀಗೆ ಅಳು ಬಂತು. ಆಮೇಲೆ ನಗು ಬಂತು. ನಗುತ್ತಲೇ ಇನ್ನೂರು ಹೆಜ್ಜೆ ಓಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ವಾರದೊಳಗೆ ಇಡೀ ಉಪ್ಪಿಟ್ಟು ಒಂದೇ ಉಸಿರಿಗೆ ಬಂತು. ಮೂರನೇ ವಾರಕ್ಕೆ ಅತ್ತಿಗೆಯ ಜೊತೆ ಸೀರೆಗಾಗಿ ನಡೆದ ಜಗಳದ ಪೂರ್ತಿ ಕಥೆ ಬಂತು. ಭುಜ ಸಡಿಲವಾಗಿ, ಹೆಜ್ಜೆ ಹಗುರವಾಗಿತ್ತು. ಅವನು ಸರಿಯಾದ ಜಾಗದಲ್ಲೇ ನಗುತ್ತಿದ್ದ. 'ಅಯ್ಯೋ, ಊರು ಬಂದೇಬಿಡ್ತಾ?' ಅನ್ನಿಸತೊಡಗಿತು ಅವಳಿಗೆ.

ಕ್ರೀಡಾಕೂಟದಲ್ಲಿ ಅವಳು ಕೊನೆಯಿಂದ ಎರಡನೆಯವಳು. ಕೊನೆಯವರು ನಡುವೆ ನಿಂತು ಫೋನಿನಲ್ಲಿ ಮಾತಾಡಿದ್ದರು. ಆದರೆ ಕಾವ್ಯಶ್ರೀ ಎಲ್ಲಿಯೂ ನಿಲ್ಲಲಿಲ್ಲ! ದುರುಗೇಶ್ ಬೇಲಿಯಾಚೆ ನಿಂತು ಗಂಟಲು ಕಟ್ಟುವಷ್ಟು ಕೂಗಿದ್ದ.

ಇನ್ನು ಓಡುವ ಅಗತ್ಯವಿರಲಿಲ್ಲ. ಆದರೂ ಮರುದಿನ ಆರಕ್ಕೆ ಇಬ್ಬರೂ ಮೋರಿಕಟ್ಟೆಯ ಬಳಿ ಇದ್ದರು. ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಹೀಗೆ ಮೂರು ವಾರ ಕಳೆಯಿತು. ಒಂದು ದಿನ ಶಾಲೆಯಲ್ಲಿ ಬಿಸಿಯೂಟದ ಜಯಕ್ಕ ಅಕ್ಕಿ ಆರಿಸುತ್ತಾ ಹೇಳಿದಳು.

"ದುರುಗೇಶಪ್ಪ ಕಾಲೇಜಾಗೆ ಓಟದಾಗೆ ಜಿಲ್ಲೆಗೇ ಫಸ್ಟ್ ಬಂದೋನು. ನಿಮ್ಮನ್ನ ಹೆಂಗಾರ ಮಾಡಿ ಓಡ್ಸಪ್ಪ ಅಂತ ಹೆಡ್‌ಮಾಸ್ಟ್ರೇ ಅವನ್ನ ಕೇಳ್ಕಂಡಿದ್ರು. ಗೊತ್ತಿಲ್ವಾ?"

ಹಾಗಾದರೆ ಆ ನಗು, ಆ ಕಾಯುವಿಕೆ... ಎಲ್ಲ ಬರೀ ಉಪಕಾರವಾ? ಕುಂಟು ಮೇಕೆಗೆ ಔಷಧಿ ಕೊಟ್ಟ ಹಾಗೆ?

ಮರುದಿನ ಅವನು "ಹೋಗಾಣ್ವಾ?" ಎನ್ನುವಷ್ಟರಲ್ಲಿ ಅವಳು ಓಟ ಕಿತ್ತಳು. ಎಂಥ ಓಟ! ಎಂಥ ಸಿಟ್ಟು! ಇನ್ನೂರು ಮೀಟರಿಗೆ ಸಿಟ್ಟು ಉಳಿಯಿತು, ಉಸಿರು ಉಳಿಯಲಿಲ್ಲ. ಬೇವಿನ ಮರದಡಿ ಕುಸಿದು ಕೂತಳು.

ದುರುಗೇಶ್ ಬಂದು ಮಾರು ದೂರದಲ್ಲಿ ಕೂತ. "ಯಾರ ಮೇಲ್ರಿ ಸಿಟ್ಟು?"

"ಹೆಡ್‌ಮಾಸ್ಟ್ರು ಹೇಳಿದ್ದಕ್ಕೆ ತಾನೇ ನೀವು ಬಂದಿದ್ದು?"

ಅವನು ಮುಚ್ಚಿಡಲಿಲ್ಲ. "ಹೂಂ. ನಾನು ಕಲ್ಲು ಎತ್ಕಂಡು ಬಂದ ದಿನಾನೇ ಸಂಜೆ ಸಿಕ್ಕಿ, ಒಂದು ವಾರ ನೋಡ್ಕಳಪ್ಪ ಅಂದಿದ್ರು."

ಕಾವ್ಯಶ್ರೀಯ ಕಣ್ಣು ತುಂಬಿತು.

"ಒಂದು ವಾರ ಅಂದಿದ್ರು ಮೇಡಂ... ಈಗ ಎಷ್ಟನೇ ವಾರ?"

ಅವಳು ಮನಸ್ಸಿನಲ್ಲೇ ಎಣಿಸಿದಳು. "ಒಂಬತ್ತು."

"ಉಳಿದ ಎಂಟು ವಾರ ನನಗ್ಯಾರು ಹೇಳಿದ್ರು?"

ಅವಳು ಮಾತಾಡಲಿಲ್ಲ. ಈ ಸಲ ಉಸಿರಿನ ತೊಂದರೆಯಲ್ಲ.

"ಜೋರಾಗಿ ಓಡಾಕೆ ನನಗೆ ಬರ್ತೈತೆ. ಆದ್ರೆ ಜೋರಾಗಿ ಓಡಿದ್ರೆ ಊರು ಬೇಗ ಬಂದ್ಬಿಡ್ತೈತೆ. ನೀವು ಒಳಗೆ ಹೋಗ್ಬಿಡ್ತೀರಿ..." ಅವನು ನೆಲ ನೋಡುತ್ತಾ ಹೇಳಿದ. "ನನಗೆ ನೀವು ಇಷ್ಟ. ಮೊದ್ಲೇ ಹೇಳ್ಬೇಕಿತ್ತು, ಧೈರ್ಯ ಸಾಲ್ಲಿಲ್ಲ."

ಕಾವ್ಯಶ್ರೀ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ, ಅವಳಿಗೂ ತಿಳಿಯಲಿಲ್ಲ.

"ನಮ್ಮಪ್ಪ ಹೊರಕೆರೆದೇವಪುರದಾಗೆ ಇರ್ತಾರೆ" ಎಂದಳು ಮೆಲ್ಲಗೆ. "ಗುಡ್ಡಪ್ಪ ಅಂತ. ಕುರಿ ಸಾಕ್ತಾರೆ."

"ಭಾನುವಾರ ಬರ್ಲಾ?"

"ಬರ್ರಿ. ಆದ್ರೆ ಬೈಕಾಗೆ ಬರ್ರಿ."

"ಯಾಕೆ?"

"ನಮ್ಮ ಈ ಓಟದಾಗೆ ಹೊರಟ್ರೆ ನೀವು ಅಲ್ಲಿಗೆ ತಲುಪೋದು ಯಾವಾಗ? ನಂಗೆ ಅಷ್ಟು ದಿನ ಕಾಯಾಕಾಗಲ್ಲ."