ತಲೆಕೆಳಗಾದ ಗೆರೆ

"ನನ್ನ ಕೆಲಸ ಹೋಯ್ತು ಮೇಷ್ಟ್ರೇ," ಎಂದು ನರ್ಸ್ ನಮ್ಮ ಇಸಿಜಿ ಕೋಣೆಯಲ್ಲಿ ಅತ್ತಳು. ಮೇಷ್ಟ್ರು ಅಂತ ಎಲ್ಲರೂ ಕರೆಯುವುದು ಆಸ್ಪತ್ರೆಯ ಹಳೆಯ ಇಸಿಜಿ ತಂತ್ರಜ್ಞರನ್ನು. ಅಲ್ಲಿ ಏನು ಎಡವಟ್ಟಾದರೂ ಪತ್ತೆ ಹಚ್ಚುವವರು ಅವರೇ. ನಾನು ಅವರ ಬಹುಕಾಲದ ಜೊತೆಗಾರ.

ಆ ಬೆಳಿಗ್ಗೆ ಗುಮಾಸ್ತರೊಬ್ಬರ ತೊಡೆಸಂದಿಯ ರಕ್ತನಾಳದಲ್ಲಿ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಹೃದಯದ ಬಡಿತ ಕೆಡಿಸುತ್ತಿದ್ದ ಜಾಗವನ್ನು ಸುಟ್ಟಿದ್ದರು. ಆಮೇಲೆ ಆರು ಗಂಟೆ ಹೊತ್ತು ಆ ಕಾಲು ಮಡಚುವಂತಿಲ್ಲ, ಮಡಚಿದರೆ ಗಾಯ ಬಿಚ್ಚಿ ರಕ್ತ ಹರಿಯುತ್ತದೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಹಾಸಿಗೆಯೆಲ್ಲ ರಕ್ತ. ಅದೃಷ್ಟಕ್ಕೆ ಜೀವ ಉಳಿಯಿತು. ಮಂಪರಿನಲ್ಲಿದ್ದವರಿಗೆ ಏನೂ ನೆನಪಿರಲಿಲ್ಲ.

"ಪಕ್ಕದ ರೋಗಿ ವಾಂತಿ ಮಾಡ್ಕೊಂಡ್ರು. ಹತ್ತೇ ನಿಮಿಷ ಹೋಗಿದ್ದೆ," ಎಂದಳು ನರ್ಸ್.

"ನಾನು ಟೀಗೆ ಹೋಗಿದ್ದೆ. ಎದೆಗೆ ಹಾಕಿರೋ ಆ ಮಾನಿಟರ್ ವೈರ್ ಮುಟ್ಟೋಕೂ ಭಯ ನಂಗೆ," ಎಂದ ರೋಗಿಯ ಭಾವಮೈದ.

"ನಾನು ಬಾಗಿಲಿಂದ್ಲೇ ನೋಡಿ ಹೋದೆ. ಇಂಥವ್ರನ್ನ ಕೆಲ್ಸಕ್ಕಿಟ್ರೆ ಇಷ್ಟೇ," ಎಂದರು ಚಿಕಿತ್ಸೆ ಮಾಡಿದ ದೊಡ್ಡ ಡಾಕ್ಟರು. ಕನ್ನಡಿ ಇದೆಯೆಂದೇ ಲಿಫ್ಟ್ ಹತ್ತುವ ಆಸಾಮಿ ಅದು. ನನಗೆ ಮೈಯೆಲ್ಲ ಉರಿಯಿತು.

ಮೇಷ್ಟ್ರು ಮಾನಿಟರಿನ ದಾಖಲೆ ತೆಗೆಸಿದರು. ಎರಡೂ ನಲವತ್ತರಿಂದ ಆರು ನಿಮಿಷ ಹೃದಯಬಡಿತದ ಗೆರೆಯೇ ಇಲ್ಲ, ಅಲಾರಂ ಕೂಡ ಯಾರೋ ಆರಿಸಿದ್ದರು. ಅನಂತರ ಗೆರೆ ಬಂದಿತ್ತು, ತಲೆಕೆಳಗಾಗಿ. ವಾರ್ಡಿಗೆ ಹೋಗಿ ನೋಡಿದರೆ, ಮಲಗಿದ್ದ ರೋಗಿಯ ಬೈತಲೆ ಮಾತ್ರ ಮದುವೆಗೆ ಹೊರಟಂತೆ ನೆಟ್ಟಗಿತ್ತು.

ಸಂಜೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಎಲ್ಲರೂ ಸೇರಿದೆವು.

"ಎದೆಯ ವೈರ್ ಬಿಚ್ಚಿ, ರೋಗಿಗೆ ಅಂಗಿ ಹಾಕಿ, ತಲೆ ಬಾಚಿ ಕೂರಿಸಿದಾರೆ," ಎಂದರು ಮೇಷ್ಟ್ರು. "ಆಗ ಕಾಲು ಮಡಚಿ ಗಾಯ ಬಿಚ್ಚಿಕೊಂಡಿದೆ. ವಾಪಸ್ ಹಾಕೋವಾಗ ಬಲಗಡೆ ವೈರ್ ಎಡಕ್ಕೆ ಹೋಗಿದೆ, ಅದಕ್ಕೇ ಗೆರೆ ತಲೆಕೆಳಗು. ನರ್ಸ್ ದಿನಕ್ಕೆ ಇಪ್ಪತ್ತು ಸಲ ಹಾಕ್ತಾಳೆ, ಅವಳ ಕೈ ತಪ್ಪೋದಿಲ್ಲ. ಭಾವಮೈದನಿಗೆ ಅಲಾರಂ ಆರಿಸೋಕೆ ಬರಲ್ಲ. ಅಲಾರಂ ಗೊತ್ತಿದ್ದು, ವೈರ್ ಹಾಕೋದು ಬಿಟ್ಟು ವರ್ಷಗಳಾದವರು ಒಬ್ರೇ. ಸರ್, ನಿಮ್ಮ ಫೋನ್ ತೋರಿಸ್ತೀರಾ?"

ದೊಡ್ಡ ಡಾಕ್ಟರ ಮುಖ ಇಳಿಯಿತು. ಸೂಪರಿಂಟೆಂಡೆಂಟರು ಕೈಚಾಚಿ ಫೋನ್ ಪಡೆದರು. ಅದರಲ್ಲಿದ್ದ ಫೋಟೋದಲ್ಲಿ ಗುಮಾಸ್ತರು ಅಂಗಿ ತೊಟ್ಟು ಅರೆಗಣ್ಣಲ್ಲಿ ಕೂತಿದ್ದರು, ಹೆಗಲ ಮೇಲೆ ಡಾಕ್ಟರ ಕೈ. ಕೆಳಗೆ ಬರಹ: 'ಬೆಳಿಗ್ಗೆ ಚಿಕಿತ್ಸೆ, ಮಧ್ಯಾಹ್ನ ಎದ್ದು ಕೂತರು'.

"ಒಂದು ಫೋಟೋ ತಾನೆ," ಎಂದರು ಆ ಮಹಾನುಭಾವರು.

ನರ್ಸ್ ಕಣ್ಣೊರೆಸಿಕೊಂಡು ಮೊದಲ ಬಾರಿಗೆ ತಲೆಯೆತ್ತಿದಳು.

"ಅದನ್ನ ನೀವು ಊರಿಗೆಲ್ಲ ಕಳಿಸ್ತಿದ್ದಾಗ, ರಕ್ತ ನಿಲ್ಲೋವರೆಗೂ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೋಳು ನಾನು, ಸರ್."